ಎರಡು ಬೇಗ

ಫೆಬ್ರವರಿ ೪

ಮಗಳೇ,

ನಿನ್ನ ಪತ್ರ ಸೋಮವಾರದ ದೋಣಿಯಲ್ಲಿ ಬಂದು ಗುರುವಾರ ಕೈಸೇರಿತು. ‘ಕಷ್ಟ’ವನ್ನು ‘ಕಸ್ಟ’ ಎಂದು ಬರೆದಿದ್ದೀಯ, ಅದೂ ಎರಡು ಕಡೆ. ಕಷ್ಟಪಡುವವರು ಅದನ್ನು ಸರಿಯಾಗಿ ಬರೆಯುವುದನ್ನಾದರೂ ಕಲಿಯಬೇಕು. ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ಸಿಟ್ಟಾಗಬೇಡ.

ಫೋನು ಮಾಡಿ ಎಂದು ಮತ್ತೆ ಬರೆದಿದ್ದೀಯ. ಮೂವತ್ತೆಂಟು ವರ್ಷ ಅಚ್ಚಿನ ಯಂತ್ರದ ಪಕ್ಕ ನಿಂತು ಸೀಸದ ಅಕ್ಷರದ ಮೊಳೆ ಜೋಡಿಸಿದವನ ಕಿವಿ ಇದು. ನೀನು ‘ಊಟ ಆಯ್ತಾ’ ಎಂದರೆ ನನಗೆ ‘ಓಟ ಆಯ್ತಾ’ ಎಂದು ಕೇಳಿಸುತ್ತದೆ. ನಿನ್ನ ಮಗಳೋ, ಫೋನು ಹಿಡಿದರೆ ಉಸಿರು ಬಿಡುವುದನ್ನು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಪತ್ರವೇ ವಾಸಿ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನೆ ಕ್ಲಬ್ಬಿನಲ್ಲಿ ಮಗುವನ್ನು ಗೋ-ಕಾರ್ಟಿನ ಸಮೇತ ತೂಕಕ್ಕೆ ನಿಲ್ಲಿಸಿದರು. ಈ ರೇಸಿಗೆ ಒಂದು ನಿಯಮವಿದೆ. ಬಂಡಿ ಮತ್ತು ಓಡಿಸುವವರು ಸೇರಿ ಇಷ್ಟು ಕೆಜಿ ಇರಲೇಬೇಕು, ಕಡಿಮೆ ಬಿದ್ದರೆ ಗೆದ್ದದ್ದೂ ಲೆಕ್ಕಕ್ಕಿಲ್ಲ. ನಾನು ಅವಳನ್ನು ಮೊಳೆ ಎಂದು ಕರೆದದ್ದಕ್ಕೆ ಸರಿಯಾಗಿ ಅವಳು ಮೊಳೆಯ ಹಾಗೇ ಉಳಿದಿದ್ದಾಳೆ. ಮೂರು ಕೆಜಿ ಕಡಿಮೆ. ತೂಕದ ಸಾಹೇಬರು ಕನ್ನಡಕ ಏರಿಸಿ, “ಏನ್ರೀ ಅಜ್ಜಾ, ಮನೇಲಿ ಊಟ ಹಾಕ್ತೀರೋ ಇಲ್ವೋ?” ಎಂದರು. “ಹಾಕ್ತೀವಿ ಸಾಹೇಬ್ರೇ, ಅದು ಎಲ್ಲಿಗೆ ಹೋಗುತ್ತೋ ನೀವೇ ಹುಡುಕಿಕೊಡಿ” ಎಂದೆ.

ಇಂಥ ಮಕ್ಕಳ ಸೀಟಿಗೆ ಸೀಸದ ಬಿಲ್ಲೆ ಬಿಗಿಯುತ್ತಾರೆ. ಅದರ ಬೆಲೆ ಕೇಳಿ ಟೈರ್ ಅಂಗಡಿಯಮ್ಮನೇ ಮೂಗು ಮುರಿದಳು. ಅವಳ ಮಗಳು ಚೋಟು ನಮ್ಮ ಮೊಳೆಯ ಜೊತೆ ಓಡಿಸುತ್ತಾಳಲ್ಲ, ಅವಳೇ. ಸೀಸಕ್ಕೆ ದುಡ್ಡು ಕೊಡುವುದೇ? ಪ್ರೆಸ್ಸು ಮುಚ್ಚಿದಾಗ ಕೊನೆಯ ಸಂಬಳದ ಬದಲು ಹೊತ್ತು ತಂದ ತಲೆಬರಹದ ದಪ್ಪ ಮೊಳೆಗಳು ನನ್ನ ಮಂಚದ ಕೆಳಗೇ ಧೂಳು ತಿನ್ನುತ್ತಿವೆ. ಎಲ್ಲ ಸೀಸವೇ.

ಸೀಟಿನಡಿಗೆ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿದ್ದೇನೆ, ಮೂರು ಕೆಜಿಯಲ್ಲಿ ಅರ್ಧಕ್ಕೂ ಹೆಚ್ಚು ಅದೇ ತೂಗುತ್ತದೆ. ಮೊಳೆಗಳನ್ನು ಸಡಿಲ ಬಿಟ್ಟರೆ ಗಲಗಲ ಎನ್ನುತ್ತವೆ, ನಿಯಮವೂ ಒಪ್ಪುವುದಿಲ್ಲ. ಸಾಲಾಗಿ ಜೋಡಿಸಿ, ಬಿಗಿದು, ಮುಚ್ಚಳ ಹಾಕಿ ನಾಲ್ಕು ಬೋಲ್ಟು ಕೂರಿಸಬೇಕು. ಆದರೆ ಅರ್ಥವಿಲ್ಲದ ಸಾಲು ಜೋಡಿಸಲು ಈ ಕೈ ಕೇಳುವುದಿಲ್ಲ. ‘ಕಕಕಕ’ ಎಂದು ತುಂಬಿಸಲು ಹೋಗಿ ಮೈಯೆಲ್ಲ ಕಸಿವಿಸಿಯಾಯಿತು. ಏನು ಹಾಕಲಿ ಎಂದು ಮೊಳೆಯನ್ನೇ ಕೇಳಿದೆ. “ಅಮ್ಮ ಹೇಳಲಿ” ಎಂದಳು. ಒಂದು ಸಾಲು ಬರೆದು ಕಳಿಸು. ಇಪ್ಪತ್ತು ಮೊಳೆಯ ಆಸುಪಾಸಿನಲ್ಲಿರಲಿ.

ಆಶೀರ್ವಾದಗಳೊಂದಿಗೆ,
ಅಪ್ಪ

ಫೆಬ್ರವರಿ ೧೭

ಅಪ್ಪಾ,

ಕಷ್ಟ, ಕಷ್ಟ, ಕಷ್ಟ. ಮೂರು ಸಲ ಸರಿಯಾಗಿ ಬರೆದಿದ್ದೇನೆ, ಸಾಕೇ?

ಈ ದ್ವೀಪದಲ್ಲಿ ಎಂಟು ದಿನದಿಂದ ಮಂಜು. ಹೋಟೆಲಿನ ಹಿಂದಿನ ಅಂಗಳದಲ್ಲಿ ನೂರಿಪ್ಪತ್ತು ಹಾಸಿಗೆ ಬಟ್ಟೆ ಒಣಗಲು ಹಾಕಿ ಹಿಂತಿರುಗಿದರೆ ಯಾವುದು ಬಟ್ಟೆ, ಯಾವುದು ಮಂಜು ತಿಳಿಯುವುದಿಲ್ಲ. ಕೈ ಚಾಚಿಕೊಂಡು ನಡೆಯುತ್ತೇನೆ, ತಡೆದು ನಿಲ್ಲಿಸಿದರೆ ಬಟ್ಟೆ ಎಂದು ತಿಳಿದುಕೊಳ್ಳುತ್ತೇನೆ. ಇಸ್ತ್ರಿ ಮನೆಯ ಹಿರಿಯಕ್ಕ, “ನೋಡ್ಕೊಂಡು ಕಣೇ, ಮಂಜನ್ನೂ ಮಡಚಿ ಇಟ್ಟುಬಿಟ್ಟೀಯ” ಎಂದು ನಗುತ್ತಾಳೆ. ಎಷ್ಟೋ ಸಲ ಆ ಬಿಳುಪಿನೊಳಗೆ ನಮ್ಮ ಮನೆಯ ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಬಿಡುತ್ತದೆ ಎನ್ನಿಸುತ್ತದೆ. ನಿಜವಾಗಿ ಸಿಗುವುದು ಬಕೆಟ್ಟು.

ವರ್ಷದ ಅಂಕಪಟ್ಟಿಯಲ್ಲಿ ಮೊದಲ ಮೂರು ಮಕ್ಕಳಿಗೆ ಮುಂದಿನ ವರ್ಷ ಕ್ಲಬ್ಬೇ ಕಾರ್ಟು, ಟೈರು, ಪ್ರವೇಶ ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ ಎಂದು ಹಿಂದೊಮ್ಮೆ ಬರೆದಿದ್ದಿರಿ. ಹಾಗಾದರೆ ನನ್ನ ಒಪ್ಪಂದ ನವೆಂಬರ್ ಕೊನೆಗೆ ಮುಗಿದ ಕೂಡಲೇ ಮನೆಗೆ ಬಂದುಬಿಡುತ್ತೇನೆ. ಅಲ್ಲಿನ ದುಡಿಮೆಯಲ್ಲಿ ಊಟ ಬಟ್ಟೆ ನಡೆಯುತ್ತದೆ, ರೇಸು ನಡೆಯುವುದಿಲ್ಲ. ಅವಳಿಗೆ ಆ ಜಾಗ ಸಿಗದಿದ್ದರೆ ನನಗೆ ಇಲ್ಲಿ ಇನ್ನೊಂದು ವರ್ಷ. ಆ ಬಂಡಿ ಅವಳಪ್ಪ ತೀರಿಕೊಳ್ಳುವ ಮುಂಚೆ ಕೊಂಡುಕೊಟ್ಟದ್ದು. ನಿಲ್ಲಿಸು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸಾಲನ್ನು ಬೇರೆ ಚೀಟಿಯಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದೇನೆ:

ಹೆದರಬೇಡ ಮೊಳೆ ಅಮ್ಮ ಬೇಗ ಬೇಗ ಬರುತ್ತಾಳೆ

ನಿಮ್ಮ ಮಗಳು

ಮೇ ೧೧

ಅಮ್ಮಾ,

ಈ ಪತ್ರವನ್ನು ಅಜ್ಜ ಓದಿಲ್ಲ, ಅದಕ್ಕೇ ಕೆಂಪು ಶಾಯಿ ಇಲ್ಲ.

ನಿನ್ನ ಸಾಲಿನ ಮೇಲೆ ಕೂತು ನಾಲ್ಕು ರೇಸ್ ಓಡಿಸಿದೆ. ಮುಚ್ಚಳ ಹಾಕುವ ಮುಂಚೆ ಅಜ್ಜ ತೋರಿಸಿದ. ಅಕ್ಷರವೆಲ್ಲ ತಿರುಗಾಮುರುಗಾ. ಅಜ್ಜ ಮಾತ್ರ ಪೇಪರ್ ಓದುವ ಹಾಗೆ ಸರಸರ ಓದಿದ. ನಾನು ಅಡುಗೆಮನೆಯಿಂದ ಸ್ಟೀಲ್ ತಟ್ಟೆ ತಂದು ಎದುರಿಗೆ ಹಿಡಿದೆ. ತಟ್ಟೆಯೊಳಗೆ ಎಲ್ಲಾ ನೇರ ಆಯಿತು.

ಉದ್ದ ತಿರುವು ಇದೆಯಲ್ಲ, ಬೇಲಿಯಾಚೆ ಹಳದಿ ಮನೆ ಇರುವ ಕಡೆ? ಅಲ್ಲಿ ಬ್ರೇಕ್ ಮುಟ್ಟಲೇಬಾರದು. ಆಗ ಸದ್ದೆಲ್ಲ ದೂರ ಹೋಗಿಬಿಡುತ್ತದೆ. ನಾನು ನಿಂತಿದ್ದೇನೆ, ಹಳದಿ ಮನೆಯೇ ನನ್ನ ಸುತ್ತ ನಿಧಾನವಾಗಿ ತಿರುಗುತ್ತಿದೆ ಅನ್ನಿಸುತ್ತದೆ. ಸೀಟಿನ ಕೆಳಗಿಂದ ಒಂದು ನಡುಕ ಬೆನ್ನಿಗೆ ಹತ್ತುತ್ತದೆ. ಮೊದಲು ‘ಹೆದರಬೇಡ’ ಹತ್ತುತ್ತದೆ, ಆಮೇಲೆ ‘ಅಮ್ಮ’, ಕೊನೆಗೆ ‘ಬೇಗ ಬೇಗ’. ಚೋಟುಗೆ ಹೇಳಿದರೆ, “ಹುಚ್ಚು ಹಿಡಿದಿದೆ ನಿಂಗೆ, ಅದು ಎಂಜಿನ್ ಕಣೇ” ಅಂದಳು.

ಇನ್ನೊಂದು ವಿಷಯ. ನಾನು ಬೆಳೆದಿದ್ದೇನೆ! ತೂಕ ಜಾಸ್ತಿ ಬಂತು. ಬೇಕಾದ್ದಕ್ಕಿಂತ ಭಾರ ಇದ್ದರೆ ಬಂಡಿ ನಿಧಾನ ಆಗುತ್ತದೆ, ಅದಕ್ಕೆ ಅಜ್ಜ, “ಯಾವ ಪದ ತೆಗೀಲೇ ಮೊಳೆ?” ಅಂತ ಕೇಳಿದ. “ಹೆದರಬೇಡ ತೆಗಿ ಅಜ್ಜಾ, ನಂಗೀಗ ಹೆದರಿಕೆ ಇಲ್ಲ” ಅಂದೆ. ಸುಳ್ಳು ಅಮ್ಮಾ. ಸ್ವಲ್ಪ ಇದೆ. ಆದರೆ ಬೇರೆ ಪದ ತೆಗೆಯಲು ಮನಸ್ಸು ಬರಲಿಲ್ಲ.

ಅಂಕಪಟ್ಟಿಯಲ್ಲಿ ಈಗ ಐದನೆಯವಳು. ಇನ್ನೂ ಆರು ರೇಸ್ ಇದೆ.

ನಿನ್ನ
ಮೊಳೆ

ಜುಲೈ ೬

ನನ್ನ ಮೊಳೆ,

ಇಲ್ಲಿ ಎಂಟು ದೊಡ್ಡ ಯಂತ್ರಗಳಿವೆ. ಒಗೆದ ಬಟ್ಟೆಯ ನೀರು ಹಿಂಡುವಾಗ ಮೊದಲು ಗುರ್ ಎನ್ನುತ್ತವೆ, ಆಮೇಲೆ ವೇಗ ಏರಿ ಏರಿ ಒಂದೇ ಸ್ವರ ಹಿಡಿಯುತ್ತವೆ. ಆಗ ಕಣ್ಣು ಮುಚ್ಚುತ್ತೇನೆ. ಎಂಟು ಕಾರ್ಟುಗಳು ಹಳದಿ ಮನೆಯ ತಿರುವಿಗೆ ಬರುತ್ತವೆ. ಆರನೆಯ ಯಂತ್ರ ನೀನು. ಅದರ ಬಾಗಿಲು ಸ್ವಲ್ಪ ಕಿರುಗುಟ್ಟುತ್ತದೆ, ಆದರೂ ಅದೇ ಎಲ್ಲಕ್ಕಿಂತ ಮೊದಲು ಮುಗಿಸುತ್ತದೆ. ಹಿರಿಯಕ್ಕ ಬಂದು ಭುಜ ಅಲುಗಿಸಿ, “ಯಾರೇ ಗೆದ್ದೋರು?” ಎಂದು ಕೇಳುತ್ತಾಳೆ. ಅವಳಿಗೆ ಎಲ್ಲ ಗೊತ್ತು.

‘ಬೇಗ ಬೇಗ’ ನಿನಗೆ ನೆನಪಿದೆಯೋ ಇಲ್ಲವೋ. ನಿನಗೆ ಮೂರು ವರ್ಷ. ನಾನು ಕೆಲಸಕ್ಕೆ ಹೊರಟಾಗ ಸೆರಗು ಹಿಡಿದು, “ಬೇಗ ಬಾ” ಎನ್ನುತ್ತಿದ್ದೆ. “ಬೇಗ ಬರ್ತೀನಿ” ಎಂದರೆ ಬಿಡುತ್ತಿರಲಿಲ್ಲ. ಎಲ್ಲರೂ ಹೇಳುವ ಬೇಗ ಅದು, ನಿನಗೆ ಆಗಲೇ ಗೊತ್ತಿತ್ತು. “ಬೇಗ ಬೇಗ ಬರ್ತೀನಿ” ಎಂದರೆ ಮಾತ್ರ ಬೆರಳು ಬಿಡಿಸುತ್ತಿದ್ದೆ. ಎರಡು ಬೇಗ ಹೇಳಿದ ದಿನ ನಾನು ಓಡಿಕೊಂಡೇ ಬರಬೇಕಿತ್ತು. ಒಂದು ದಿನವೂ ತಪ್ಪಿಸಿಲ್ಲ. ಅಜ್ಜನಿಗೆ ಇದೆಲ್ಲ ತಿಳಿಯದು, ಅವರು ಆಗ ಪ್ರೆಸ್ಸಿನಲ್ಲೇ ಇರುತ್ತಿದ್ದರು.

ಹೆದರಿಕೆ ಸ್ವಲ್ಪ ಇರಲಿ. ನನಗೂ ಇದೆ.

ಅಮ್ಮ

ನವೆಂಬರ್ ೯

ಮಗಳೇ,

ಕೊನೆಯ ರೇಸು ಆಯಿತು. ಮೊಳೆ ಮೂರನೆಯವಳಾಗಿ ಬಂದಳು. ಅಷ್ಟು ಸಾಕಿತ್ತು. ಆದರೆ ತೂಕದಲ್ಲಿ ನೂರು ಗ್ರಾಂ ಕಡಿಮೆ ಬಂದು ಆ ರೇಸು ಲೆಕ್ಕಕ್ಕೆ ಸೇರಲಿಲ್ಲ. ವರ್ಷದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನ. ಬಿಸಿಲಿತ್ತು, ಮಗು ಬೆವರಿರಬೇಕು.

ಎಲ್ಲರೂ ಆರೋಗ್ಯ.

ಅಪ್ಪ

ನವೆಂಬರ್ ೧೬

ಅಪ್ಪಾ,

ಆಗಲಿ. ಒಪ್ಪಂದದ ಕಾಗದ ಮೇಜಿನ ಮೇಲಿದೆ. ಮೂವತ್ತನೇ ತಾರೀಕಿನೊಳಗೆ ಸಹಿ ಹಾಕಿ ಕೊಡಬೇಕು, ಹಾಕುತ್ತೇನೆ. ಒಂದು ವರ್ಷ ಎಷ್ಟರದು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಗುತ್ತದೆ ಎಂದು ಅವಳಿಗೆ ಹೇಳಿ. ನಾನು ಅತ್ತೆನೆಂದು ಹೇಳಬೇಡಿ.

ಬೆವರಿದ್ದು ತಪ್ಪಲ್ಲ ಎಂದೂ ಹೇಳಿ.

ನನ್ನ ಹಿಂದಿನ ಪತ್ರವನ್ನು ನೀವು ತಿದ್ದಿ ಕಳಿಸಲಿಲ್ಲ. ಹುಷಾರಿಲ್ಲವೇ?

ನಿಮ್ಮ ಮಗಳು

ನವೆಂಬರ್ ೨೧

ಮಗಳೇ,

ಸಹಿ ಹಾಕಬೇಡ. ಇದನ್ನು ಓದಿ ಮುಗಿಸುವವರೆಗಾದರೂ ಹಾಕಬೇಡ.

ಮಗು ಬೆವರಿದ್ದಕ್ಕೆ ತೂಕ ಇಳಿಯಲಿಲ್ಲ. ಇಳಿಸಿದವನು ನಾನು.

ಅವಳು ಬೆಳೆದ ಹಾಗೆಲ್ಲ ಸಾಲು ಚಿಕ್ಕದಾಗುತ್ತ ಬಂದು, ಆಗಸ್ಟಿನಲ್ಲಿ ‘ಮೊಳೆ’ಯನ್ನೂ ತೆಗೆದಿದ್ದೆವು. ಕೊನೆಯ ರೇಸಿನ ಬೆಳಿಗ್ಗೆ ತೂಕ ನೋಡಿಸಿದಾಗ ಬೇಕಾದ್ದಕ್ಕಿಂತ ನೂರು ಗ್ರಾಂ ಮಾತ್ರ ಹೆಚ್ಚು. ಹೇಳಿ ಮಾಡಿಸಿದ ಹಾಗಿತ್ತು. ರೇಸಿಗೆ ಇನ್ನೂ ಎರಡು ಗಂಟೆ. ಮೊಳೆ, ಚೋಟು ಇಬ್ಬರೂ ಟೈರಿನ ರಾಶಿಯ ಮೇಲೆ ಅಂಗಾತ ಮಲಗಿ ಮೋಡ ನೋಡುತ್ತಿದ್ದರು. ಒಂದು ಬೋಲ್ಟು ಸಡಿಲವೆನಿಸಿ ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. ಸಾಲು ಕಂಡಿತು: ಅಮ್ಮ ಬೇಗ ಬೇಗ ಬರುತ್ತಾಳೆ.

ಒಂದೇ ಪದ ಎರಡು ಸಲ! ಜೋಡಿಸುವವನ ಕಣ್ಣು ಒಂದು ಗಳಿಗೆ ಜಾರಿದರೆ ಆಗುವ ತಪ್ಪು ಇದು. ನಮ್ಮ ಪ್ರೆಸ್ಸಿನಲ್ಲಿ ಇದಕ್ಕೆ ‘ಅವಳಿ ಹೆರುವುದು’ ಎನ್ನುತ್ತಿದ್ದೆವು. ಹೊಸಬರು ಯಾರಾದರೂ ಅವಳಿ ಹೆತ್ತರೆ ಸಂಜೆಯವರೆಗೂ ರೇಗಿಸುತ್ತಿದ್ದೆವು. ಮೂವತ್ತೆಂಟು ವರ್ಷದಲ್ಲಿ ನಾನು ಒಮ್ಮೆಯೂ ಹೆತ್ತವನಲ್ಲ. ಈಗ ನೋಡಿದರೆ ಮೊಮ್ಮಗಳ ಸೀಟಿನ ಕೆಳಗೇ, ಇಷ್ಟು ತಿಂಗಳಿಂದ! ಅದನ್ನು ಯಾರೂ ಓದುವುದಿಲ್ಲ, ನಿಜ. ಆದರೆ ನನಗೆ ಗೊತ್ತಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಂದು ‘ಬೇಗ’ವನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿದೆ. ಬೆ, ಅದರ ದೀರ್ಘ, ಗ, ಒಟ್ಟು ಮೂರು ಮೊಳೆ. ಖಾಲಿ ಜಾಗಕ್ಕೆ ಮರದ ಚಕ್ಕೆ ತುರುಕಿ ಬಿಗಿದು ಮುಚ್ಚಿದೆ. ತಪ್ಪು ತಿದ್ದಿದ ಸಮಾಧಾನದಲ್ಲಿ ಒಂದು ಲೋಟ ಚಹಾ ಬೇರೆ ಕುಡಿದೆ. ಆ ಮೂರು ಮೊಳೆ ಸೇರಿ ಇನ್ನೂರು ಗ್ರಾಂ, ಆದರೆ ತೂಕದ ಯೋಚನೆಯೇ ಬರಲಿಲ್ಲ ಮಗಳೇ. ಅಕ್ಷರ ಕಂಡರೆ ನನಗೆ ಸೀಸ ಕಾಣುವುದಿಲ್ಲ.

ರೇಸು ಮುಗಿಸಿ ಬಂದ ಮಗುವನ್ನು ತೂಕಕ್ಕೆ ಹತ್ತಿಸಿದರು. ಸಾಹೇಬರು ಮೂರು ಸಲ ನೋಡಿದರು. ತಮ್ಮ ಕರವಸ್ತ್ರದಿಂದಲೇ ತೂಕದ ಕಟ್ಟೆ ಒರೆಸಿ ಮತ್ತೆ ನೋಡಿದರು. “ಇಲ್ಲಮ್ಮ, ನೂರು ಗ್ರಾಂ ಕಮ್ಮಿ” ಎಂದಾಗ ಅವರ ಮುಖವೂ ಸಪ್ಪಗಾಗಿತ್ತು. “ಇನ್ನೊಂದ್ಸಲ ನೋಡಿ ಸಾಹೇಬ್ರೇ, ಉಸಿರು ಎಳ್ಕೊಂಡು ನಿಲ್ತೀನಿ” ಎಂದಳು ಮೊಳೆ. ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. ಜೇಬು ಜೋತುಬಿದ್ದಿತ್ತು. ಆಗ ಹೊಳೆಯಿತು. ಹೇಳುವ ಬದಲು ಅಂಗೈಯಿಂದ ಜೇಬು ಮುಚ್ಚಿಕೊಂಡೆ. ಹೇಳಿದ್ದರೂ ನಿಯಮ ಬದಲಾಗುತ್ತಿರಲಿಲ್ಲ. ಆದರೆ ಮಗು ತನ್ನನ್ನು ತಾನು ಬೈದುಕೊಳ್ಳುವುದು ತಪ್ಪುತ್ತಿತ್ತು.

ಅವತ್ತಿನಿಂದ, “ಬೆಳಿಗ್ಗೆ ಹಾಲು ಬಿಟ್ಟೆ ಅಜ್ಜಾ, ಅದಕ್ಕೇ ಹಿಂಗಾಯ್ತು” ಎಂದು ದಿನಾ ಎರಡೆರಡು ಲೋಟ ಹಾಲು ಕುಡಿಯುತ್ತಿದ್ದಾಳೆ. ಅವಳಿಗೆ ಹಾಲು ಎಷ್ಟು ಇಷ್ಟ ಎಂದು ನಿನಗೆ ಗೊತ್ತಿದೆ. ನಿನ್ನೆ ಮೂಗು ಹಿಡಿದುಕೊಂಡು ಮೂರನೆಯ ಲೋಟ ಎತ್ತಿದಾಗ ನನಗೆ ತಡೆಯಲಾಗಲಿಲ್ಲ. ಮೂರು ಮೊಳೆಗಳನ್ನೂ ಅವಳ ಮುಂದೆ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

ಅವುಗಳನ್ನು ಒಂದೊಂದಾಗಿ ಎತ್ತಿ ಸಾಲಾಗಿ ಜೋಡಿಸಿದಳು. ಆಮೇಲೆ, “ಅದು ತಪ್ಪಾಗಿ ಬಿದ್ದಿದ್ದಲ್ಲ ಅಜ್ಜಾ. ಎರಡು ಬೇಗ ಅಂದ್ರೇನೇ ನಿಜವಾದ ಬೇಗ” ಎಂದು ನಿಮ್ಮಿಬ್ಬರ ಕಥೆ ಹೇಳಿದಳು. ನಿನ್ನ ಹಳೆಯ ಚೀಟಿ ಹುಡುಕಿ ತೆಗೆದೆ. ಎರಡಿವೆ. ನಾನು ಸರಿಯಾಗಿಯೇ ಜೋಡಿಸಿದ್ದೆ.

ಅತ್ತಳೇ ಎಂದು ಕೇಳುತ್ತೀಯ. ಅತ್ತಳು, ನಾನೂ ಅತ್ತೆ. ಆಮೇಲೆ ಮುಖ ತೊಳೆದುಕೊಂಡು ನೇರ ಟೈರ್ ಅಂಗಡಿಗೆ ಹೋದವಳು ಅರ್ಧ ಗಂಟೆಯಲ್ಲಿ ವಾಪಸ್ ಬಂದಳು. “ಅಜ್ಜಾ, ಚೋಟು ಅಮ್ಮಂಗೂ ಬಂಡಿ ಸಾಕೋದು ಕಷ್ಟ ಆಗಿದೆಯಂತೆ. ನಮ್ಮಿಬ್ರಿಗೂ ಒಂದೇ ಕಾರ್ಟ್. ಒಂದು ರೇಸ್ ನಾನು, ಒಂದು ರೇಸ್ ಅವಳು. ಖರ್ಚು ಅರ್ಧ ಅರ್ಧ. ಪಟ್ಟೀಲಿ ಮೇಲೆ ಬರೋಕಾಗಲ್ಲ, ಆಗದಿದ್ರೆ ಬೇಡ. ಅಮ್ಮ ಬರಲಿ.” ಇದನ್ನು ಹೇಳುವಾಗ ಮಾತು ಗಟ್ಟಿಯಾಗಿತ್ತು.

ನೀನೇ ತೀರ್ಮಾನ ಮಾಡು. ಆ ‘ಬೇಗ’ವನ್ನು ಇದರೊಳಗಿಟ್ಟು ಕಳಿಸಿದ್ದೇನೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ನನಗೆ ಮುಖವಿಲ್ಲ.

ತಪ್ಪಾಯಿತು.

ಅಪ್ಪ

ನವೆಂಬರ್ ೨೯

ಅಪ್ಪಾ,

ಲಕೋಟೆ ಅಂಚೆಯಣ್ಣನ ಕೈ ಜಾರಿ ದಡ್ ಎಂದು ಬಿತ್ತು. “ಏನಕ್ಕಾ, ತವರಿಂದ ಕಲ್ಲು ತರಿಸ್ತೀರಾ?” ಎಂದ.

ಮೊದಲು ಸಿಟ್ಟು ಬಂತು. ಬಟ್ಟೆಯ ಬುಟ್ಟಿಗೆ ಜಾಡಿಸಿ ಒದ್ದೆ. ಒಂದು ವರ್ಷ ಸೋಪಿನ ನೀರಿನಲ್ಲಿ ಕೈ ಸುಲಿಸಿಕೊಂಡವಳು ನಾನು, ನೀವು ಒಂದು ಪದ ಜಾಸ್ತಿಯಾಯಿತೆಂದು ಕಿತ್ತು ಜೇಬಿಗೆ ಹಾಕಿಕೊಂಡಿರಿ. ಇಷ್ಟು ವರ್ಷ ಹೇಳದೆ ಇದ್ದದ್ದನ್ನು ಹೇಳಿಬಿಡುತ್ತೇನೆ. ನನಗೆ ಏಳು ವರ್ಷವಿದ್ದಾಗ ಜ್ವರ ಬಂದು, ‘ಅಪ್ಪಾ ಬೇಗ ಬಾ’ ಎಂದು ಚೀಟಿ ಬರೆದು ಪಕ್ಕದ ಮನೆಯವರ ಕೈಯಲ್ಲಿ ಪ್ರೆಸ್ಸಿಗೆ ಕಳಿಸಿದ್ದೆ. ‘ಬೇಗ’ಕ್ಕೆ ದೀರ್ಘ ಬಿಟ್ಟಿದ್ದೆ. ನೀವು ಕೆಂಪು ಶಾಯಿಯಲ್ಲಿ ದೀರ್ಘ ಹಾಕಿ ಚೀಟಿ ವಾಪಸ್ ಕಳಿಸಿದಿರಿ. ಚೀಟಿ ಬಂತು, ನೀವು ಬರಲಿಲ್ಲ. ನನ್ನ ಮಗಳಿಗೆ ಎರಡು ಬೇಗ ಕಲಿಸಿದ್ದು ಅದಕ್ಕೇ.

ಇಷ್ಟು ಬರೆದ ಮೇಲೆ ನಿಮ್ಮ ಪತ್ರವನ್ನು ಮತ್ತೆ ಕೈಗೆತ್ತಿಕೊಂಡೆ. ಕೊನೆಯಲ್ಲಿ ‘ತಪ್ಪಾಯಿತು’ ಎಂದಿದೆ. ನಿಮ್ಮ ಕೈಬರಹದಲ್ಲಿ ಆ ಪದವನ್ನು ನಾನು ನೋಡಿದ್ದು ಇದೇ ಮೊದಲು. ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮೂರು ಮೊಳೆಗಳನ್ನು ಅಂಗೈಯಲ್ಲಿಟ್ಟುಕೊಂಡು ಒಣಗುವ ಬಟ್ಟೆಗಳ ನಡುವೆ ಸುಮ್ಮನೆ ನಡೆದೆ. ಮೊದಲು ತಣ್ಣಗಿದ್ದವು, ಆಮೇಲೆ ನನ್ನ ಕೈಯಷ್ಟೇ ಬೆಚ್ಚಗಾದವು. ಈಗ ಏಪ್ರನ್ನಿನ ಜೇಬಿನಲ್ಲಿವೆ.

ಒಂದು ವರ್ಷದ ಕಾಗದಕ್ಕೆ ಸಹಿ ಹಾಕಲಿಲ್ಲ. ನನ್ನ ಜಾಗಕ್ಕೆ ಬೇರೆಯವರು ಬರುವವರೆಗೆ, ಮಾರ್ಚ್ ನಡುವಿನ ತನಕ ಇರುತ್ತೇನೆ ಎಂದು ಒಪ್ಪಿದ್ದೇನೆ. ಅಲ್ಲಿಯವರೆಗೆ ಕಾಯಿರಿ. ಅರ್ಧ ರೇಸಿಗೆ ಒಪ್ಪಿದ ನನ್ನ ಮಗಳಿಗೆ ಮುತ್ತು. ಮೂರನೆಯ ಲೋಟ ಹಾಲು ಇನ್ನು ಬೇಡ ಎಂದು ಹೇಳಿ.

ನಿಮ್ಮ ಮಗಳು

ಮಾರ್ಚ್ ೨

ಅಮ್ಮಾ,

ವರ್ಷದ ಮೊದಲ ರೇಸ್ ಹದಿನಾರನೇ ತಾರೀಕು, ಭಾನುವಾರ. ಯಾರು ಓಡಿಸುವುದು ಅಂತ ನಾಣ್ಯ ಚಿಮ್ಮಿಸಿದೆವು, ನಾನು ಗೆದ್ದೆ. ಚೋಟು ಒಂದು ದಿನ ಮಾತು ಬಿಟ್ಟಿದ್ದಳು, ಈಗ ನನ್ನ ಚೈನಿಗೆ ಅವಳೇ ಎಣ್ಣೆ ಹಾಕುತ್ತಿದ್ದಾಳೆ.

ನಿನ್ನೆ ತೂಕ ನೋಡಿಸಿದೆವು. ನಾನು ಎಷ್ಟು ಬೆಳೆದಿದ್ದೇನೆ ಅಂದರೆ ಸಾಹೇಬರು, “ಇವಳು ಅವಳೇನಾ ಅಥವಾ ಅಕ್ಕನ್ನ ಕರ್ಕೊಂಡ್ ಬಂದ್ಯಾ?” ಅಂದರು. ಸಾಲಿನಲ್ಲಿ ‘ಅಮ್ಮ’ ತೆಗೆದೆವು, ‘ಬರುತ್ತಾಳೆ’ಯನ್ನೂ ತೆಗೆದೆವು. ಇನ್ನು ಎರಡು ಬೇಗದಷ್ಟು ಭಾರ ಇದ್ದರೆ ಸರಿಹೋಗುತ್ತದೆ. ಪೆಟ್ಟಿಗೆಯಲ್ಲಿ ಒಂದೇ ಇದೆ.

ಅಜ್ಜ, “ಬೇರೆ ಮೊಳೆ ಹಾಕ್ಲೇನೇ, ಮಂಚದ ಕೆಳಗೆ ಬೇಕಾದಷ್ಟಿವೆ” ಅಂದ. ಬೇಡ ಅಂದೆ. ನನಗೆ ಅದೇ ಬೇಕು. ಹದಿನೈದರೊಳಗೆ ಸಿಗುವ ಹಾಗೆ ಅದನ್ನು ಅಂಚೆಗೆ ಹಾಕು ಅಮ್ಮಾ.

ಮೊಳೆ

(ಇದರಲ್ಲಿ ಆರು ತಪ್ಪುಗಳಿವೆ. ಒಂದನ್ನೂ ಮುಟ್ಟಿಲ್ಲ. — ಅಪ್ಪ)

ಮಾರ್ಚ್ ೧೨

ಮೊಳೆ,

ಅಂಚೆಗೆ ಹಾಕುವುದಿಲ್ಲ.

ಇವತ್ತು ಕೊನೆಯ ಹಾಸಿಗೆ ಬಟ್ಟೆ ಮಡಚಿದೆ. ಮಂಜಿರಲಿಲ್ಲ, ಸಮುದ್ರದ ಆಚೆ ದಡದ ಗೆರೆ ಸಣ್ಣಗೆ ಕಾಣುತ್ತಿತ್ತು. ಆರನೆಯ ಯಂತ್ರದ ಬಾಗಿಲು ಇನ್ನೂ ಕಿರುಗುಟ್ಟುತ್ತದೆ. ಹೊಸಬಳಿಗೆ ಹೇಳಿಕೊಟ್ಟು ಬಂದಿದ್ದೇನೆ.

ಈ ಪತ್ರವೂ ನಾಳಿನ ದೋಣಿಯಲ್ಲೇ ಹೊರಡುತ್ತದೆ. ಆದರೆ ಅಂಚೆ ಮನೆಮನೆಗೆ ನಿಂತು ಬರುತ್ತದೆ, ನಾನು ಎಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ನೀನು ಇದನ್ನು ಓದುವ ಹೊತ್ತಿಗೆ ನಾನು ಪಕ್ಕದಲ್ಲೇ ಕೂತಿರಬಹುದು. ಆಗ ಗಟ್ಟಿಯಾಗಿ ಓದು, ಅಜ್ಜನಿಗೂ ಕೇಳಿಸಲಿ.

ಪೆಟ್ಟಿಗೆಯ ಬೋಲ್ಟು ಸಡಿಲಿಸಿ ಇಡಲು ಹೇಳು. ಜೇಬಿನಲ್ಲಿದೆ, ತರುತ್ತಿದ್ದೇನೆ.

ಬೇಗ ಬೇಗ,
ಅಮ್ಮ